ಮಗಳ ಮೊದಲ ಅಕ್ಷರ ಯಾರದು

೧೯೭೧ರಲ್ಲಿ ನನ್ನ ಓದು ನಿಂತಿತು. ಐದನೆಯ ಇಯತ್ತೆ ಆಗ ಅರ್ಧಕ್ಕೆ ಬಂದಿತ್ತು. ಖಾನಾಪುರದ ಹಂಚಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಅಪ್ಪನ ಬಲಗೈ ಯಂತ್ರಕ್ಕೆ ಸಿಕ್ಕಿತು. ಅವನು ಹಾಸಿಗೆ ಹಿಡಿದ ಮರುವಾರವೇ ಅವನ ಜಾಗದಲ್ಲಿ ನಾನು ಹಸಿ ಹಂಚು ಹೊರತೊಡಗಿದೆ. ಅದಕ್ಕಾಗಿ ನಾನು ಅತ್ತವನಲ್ಲ. ಸಾಲಿ ಬಿಟ್ಟವರೆಲ್ಲ ಕೆಟ್ಟವರೂ ಅಲ್ಲ, ಕಲಿತವರೆಲ್ಲ ಉದ್ಧಾರವಾದವರೂ ಅಲ್ಲ.

ನಮ್ಮ ಮನೆಯ ಮಾತು ಕನ್ನಡ, ಓಣಿಯ ಮಾತು ಮರಾಠಿ. ಹತ್ತಿರದ ಸಾಲಿಯೂ ಮರಾಠಿಯದೇ. ಹಾಗಾಗಿ ನಾನು ಸಾಲಿಯಲ್ಲಿ ಕಲಿತಿದ್ದು ಮರಾಠಿ ಅಕ್ಷರಗಳನ್ನು. ಹರೆಯಕ್ಕೆ ಬಂದ ಮೇಲೆ ಬೆಳಗಾವಿಗೆ ಬಂದು ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಮರಳು ಜರಡಿ ಹಿಡಿಯುವ ಕೆಲಸಕ್ಕೆ ಸೇರಿದೆ. ಅಲ್ಲಿಂದ ಕಬ್ಬಿಣ ಎರೆಯಲು ಮರಳಿನ ಅಚ್ಚು ಕಟ್ಟುವ ಮೋಲ್ಡರ್ ಆದೆ. ಕನ್ನಡ ಅಕ್ಷರ ಕಲಿತಿದ್ದೂ ಬೆಳಗಾವಿಯಲ್ಲೇ, ಯಾರ ಹತ್ತಿರವೂ ಕುಳಿತಲ್ಲ, ಅಂಗಡಿಗಳ ಬೋರ್ಡು ನೋಡಿ. ಎಷ್ಟೋ ಬೋರ್ಡುಗಳಲ್ಲಿ ಮೇಲೆ ಒಂದು ಭಾಷೆ, ಕೆಳಗೆ ಇನ್ನೊಂದು. ಮರಾಠಿಯ ಸಾಲನ್ನು ಓದುವುದು, ಕನ್ನಡದ ಸಾಲಿನಲ್ಲಿ ಅದೇ ಅಕ್ಷರ ಎಲ್ಲಿ ಕೂತಿದೆ ಎಂದು ಹುಡುಕುವುದು. ಹೀಗೆ ಸಂತೆಗೆ ಹೋಗುತ್ತ ಬರುತ್ತ, ಬಸ್ಸಿಗೆ ಕಾಯುತ್ತ, ಇಡೀ ವರ್ಣಮಾಲೆಯನ್ನು ಹೆಕ್ಕಿಕೊಂಡೆ. ಯಾವ ಮಾಸ್ತರನ ಹಂಗೂ ನನಗಿಲ್ಲ ಎಂದು ಆಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ.

ಮದುವೆಯಾಗಿ, ಮಗಳು ಹುಟ್ಟಿ, ಅವಳಿಗೆ ಮಾತು ಬಂದ ಮೇಲೆ ನನಗೊಂದು ಆಸೆ ಹುಟ್ಟಿತು. ಅವಳ ಮೊದಲ ಅಕ್ಷರ ನನ್ನ ಕೈಯಿಂದಲೇ ಆಗಬೇಕು. ಮುಂದಿನದನ್ನು ಸಾಲಿಯವರು ಕಲಿಸಲಿ, ಕಾಲೇಜಿನವರು ಕಲಿಸಲಿ. ಮೊದಲ ಅಕ್ಷರ ಮಾತ್ರ ನನ್ನದು. ಇದನ್ನು ಹೆಂಡತಿಗೂ ಹೇಳಿದ್ದೆ. ಖಾನಾಪುರದ ಕನ್ನಡ ಸಾಲಿಯಲ್ಲಿ ಏಳನೆಯ ಇಯತ್ತೆ ಪಾಸಾದವಳು ಅವಳು. ನಕ್ಕು, "ಆತು ಬಿಡ್ರಿ, ನಿಮ್ಮ ಕೂಸು, ನಿಮ್ಮ ಅಕ್ಷರ" ಎಂದಿದ್ದಳು.

ಅಷ್ಟರಲ್ಲಿ ಹೆಂಡತಿಯ ತಮ್ಮ ಬಂದ.

ಎಂಬತ್ತರ ದಶಕದ ನಡುವಿನ ಮಾತು. ಅವನು ಮಾಸ್ತರಕಿಯ ತರಬೇತಿ ಮುಗಿಸಿದ್ದ. ನೌಕರಿಯ ಆರ್ಡರ್ ಬಂದಿರಲಿಲ್ಲ. ಬೆಳಗಾವಿಯ ಆಫೀಸುಗಳಿಗೆ ಎಡತಾಕಲು ಅನುಕೂಲವಾಗಲೆಂದು ದೀಪಾವಳಿ ಮುಗಿಸಿಕೊಂಡು ನಮ್ಮ ಮನೆಗೆ ಬಂದು ಉಳಿದ. ತೆಳ್ಳಗೆ, ಬೆಳ್ಳಗೆ, ಇಸ್ತ್ರಿ ಮಾಡಿದ ಅಂಗಿ. ನನ್ನನ್ನು ನಮ್ಮ ಕಡೆಯ ರೂಢಿಯಂತೆ 'ದಾಜಿ' ಎನ್ನುತ್ತಿದ್ದ. ಅಕ್ಕನ ಗಂಡನಿಗೂ ಹೆಂಡತಿಯ ತಮ್ಮನಿಗೂ ಚೇಷ್ಟೆ ಸಲ್ಲುತ್ತದೆ, ಯಾರೂ ತಪ್ಪು ತಿಳಿಯುವುದಿಲ್ಲ. ಆ ಸಲುಗೆಯಲ್ಲಿ ನಾನು ಅವನನ್ನು 'ಬಿಟ್ಟಿ ಮಾಸ್ತರ' ಎಂದು ಕರೆಯುತ್ತಿದ್ದೆ.

"ಬಿಟ್ಟಿ ಮಾಸ್ತರ, ಇವತ್ತರ ಆರ್ಡರ್ ಬಂತೋ, ಬರೇ ಚಾ ಕುಡದು ಬಂದ್ಯೋ?"

"ಚಾನೂ ಕೊಡಲಿಲ್ಲರಿ ದಾಜಿ. ನಿಮ್ಮ ಮನಿ ಚಾಕ್ಕ ಹೊಂದಿದ ನಾಲಿಗಿ, ಅಲ್ಲೀದು ಸೇರೂದ ಇಲ್ಲ ಅಂತ ಬಂದೆ."

ಮಾತಿಗೆ ಮಾತು ತಯಾರಿಟ್ಟುಕೊಂಡೇ ಬರುತ್ತಿದ್ದ. ಅದೂ ನನಗೆ ಸೇರುತ್ತಿರಲಿಲ್ಲ.

ಹಗಲೆಲ್ಲ ಮನೆಯಲ್ಲಿರುವವನು ಅವನು. ನಾನು ಬೆಳಿಗ್ಗೆ ಸೈಕಲ್ ಹತ್ತಿದರೆ ಬರುವುದು ಸಂಜೆಗೆ. ಬರುವಾಗ ಮೈಗೆಲ್ಲ ಕರಿ ಮರಳು, ಕಣ್ಣಿನ ಸುತ್ತ ಮಸಿ. ಮೊದಲೆಲ್ಲ ಸೈಕಲ್ಲಿನ ಗಂಟೆ ಕೇಳಿದರೆ ಮಗಳು ಬಾಗಿಲಿಗೆ ಓಡಿಬರುತ್ತಿದ್ದಳು. ಅವನು ಬಂದ ಮೇಲೆ ಅದು ತಪ್ಪಿತು. ಒಳಗಿನಿಂದಲೇ "ಅಪ್ಪಾ ಬಂದಾ" ಎಂದು ಕೂಗುತ್ತಿದ್ದಳು. ಯಾರೋ ಹಾಲಿನವನು ಬಂದ ಹಾಗೆ. ಅವಳ ಕಣ್ಣು ಮಾತ್ರ ಮಾಮಾನ ಮುಂದೆ ಹರಡಿದ್ದ ಹುಣಸೆ ಬೀಜಗಳ ಮೇಲೆ.

ಏನು ಕಲಿಸುತ್ತಿದ್ದ ಅವನು? ನನ್ನ ಕಣ್ಣಿಗೆ ಏನೂ ಇಲ್ಲ. ಪಾಟಿ ಇಲ್ಲ, ಬಳಪ ಇಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದೊಂದು 'ರ' ಬರೆಯುವುದು, ಅದರ ಮೇಲೆ ಮಗಳು ಒಂದೊಂದೇ ಹುಣಸೆ ಬೀಜ ಸಾಲಾಗಿ ಇಡುವುದು. ಖಾನಾಪುರದಿಂದ ತಂದ ಹಂಚಿನ ಮಣ್ಣು ನಾದಿ, ಎಳೆ ಎಳೆಯಾಗಿ ಹೊಸೆದು ಬಳೆ ಮಾಡುವುದು. ಅಕ್ಕ ರೊಟ್ಟಿಗೆ ಕೂತರೆ ಅವಳಿಗೂ ಒಂದು ಹಿಟ್ಟಿನುಂಡೆ ಕೊಡಿಸಿ ತಟ್ಟಿಸುವುದು. ತಿಂಗಳಾಯಿತು, ಎರಡು ತಿಂಗಳಾಯಿತು, ಇದೇ ಆಟ.

ಒಂದು ಸಂಜೆ ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ.

"ಏನೋ ಮಾಸ್ತರ, ನನ್ನ ಮಗಳನ್ನ ಕುಂಬಾರಗಿತ್ತಿ ಮಾಡಾಂವ ಏನು? ಅಕ್ಷರ ಎಂದ ಬರಸ್ತಿ?"

"ಮೊದಲ ಬಟ್ಟ ಗಟ್ಟಿ ಆಗಬೇಕ್ರಿ ದಾಜಿ. ಬಟ್ಟ ಗಟ್ಟಿ ಇಲ್ಲದ ಬಳಪ ಕೊಟ್ರ, ಹುಡುಗ್ರು ಮೊಳಿ ಹಿಡದಾಂಗ ಮುಷ್ಟಿ ಕಟ್ಟಿ ಹಿಡೀತಾವ. ಆಮ್ಯಾಲೆ ಬಿಡಸೂದು ತ್ರಾಸು." ಬೆರಳನ್ನು ನಾವು ಬಟ್ಟ ಎನ್ನುತ್ತೇವೆ.

"ನಮ್ಮ ಬಟ್ಟ ಗಟ್ಟಿ ಆಗಿದ್ದು ಹಂಚ ಹೊತ್ತು. ಹುಣಸಿ ಬೀಜ ಆಡಿ ಅಲ್ಲ."

"ಅದಕ್ಕ ನಿಮ್ಮ ಬಟ್ಟ ಹಂಚಿನಾಂಗ ಅದಾವ" ಎಂದ. ಮಗಳು ಕಿಲಕಿಲನೆ ನಕ್ಕಳು. ಹೆಂಡತಿಯೂ ಸೆರಗು ಬಾಯಿಗಿಟ್ಟು ನಕ್ಕಳು. ನನ್ನ ತಟ್ಟೆಯ ಅನ್ನ ತಣ್ಣಗಾಯಿತು.

ಹೊಟ್ಟೆಕಿಚ್ಚು ಎನ್ನುತ್ತೀರಾ? ಎನ್ನಿ. ನಾನು ದುಡಿದು ತಂದ ಜೋಳದ ರೊಟ್ಟಿ ಉಂಡು, ನನ್ನ ಹಾಸಿಗೆಯ ಮೇಲೆ ಮಲಗಿ, ನನ್ನ ಮಗಳ ನಗುವನ್ನೆಲ್ಲ ಒಬ್ಬನೇ ಬಳಿದುಕೊಳ್ಳುತ್ತಿದ್ದರೆ ಯಾವ ಅಪ್ಪ ಸುಮ್ಮನಿರುತ್ತಾನೆ? ಆಫೀಸಿನಿಂದ ಅವನ ಆರ್ಡರ್ ಬೇಗ ಬರಲಿ ಎಂದು ಹೆಂಡತಿ ದೇವರಿಗೆ ಕೈಮುಗಿಯುತ್ತಿದ್ದಳು. ಅವಳಿಗಿಂತ ಭಕ್ತಿಯಿಂದ ನಾನು ಮುಗಿಯುತ್ತಿದ್ದೆ.

ಮರುದಿನವೇ ಪೇಟೆಯಿಂದ ಮರದ ಚೌಕಟ್ಟಿನ ಒಂದು ಪಾಟಿ, ಒಂದು ಡಬ್ಬಿ ಬಳಪ ತಂದೆ. ಬೆಳಿಗ್ಗೆ ಅವನು ಇನ್ನೂ ಮುಸುಕು ಹೊದ್ದು ಮಲಗಿರುವಾಗಲೇ ಮಗಳನ್ನು ಎಬ್ಬಿಸಿ, ಬಚ್ಚಲ ಮನೆಯ ಬಾಜು ಇದ್ದ ಕಟ್ಟೆಯ ಮೇಲೆ ತೊಡೆಗೆ ಕೂಡಿಸಿಕೊಳ್ಳುತ್ತಿದ್ದೆ. ಅವಳ ಕೈಯಲ್ಲಿ ಬಳಪ ಇಟ್ಟು, ಅದರ ಮೇಲೆ ನನ್ನ ಕೈ ಮುಚ್ಚಿ, ಗಟ್ಟಿಯಾಗಿ ಹಿಡಿದು ಬರೆಸುತ್ತಿದ್ದೆ. ಮೊದಲು ಪಾಟಿಯ ಈ ತುದಿಯಿಂದ ಆ ತುದಿಗೆ ಒಂದು ನೆಟ್ಟನೆಯ ಗೆರೆ. ಆ ಗೆರೆಯಿಂದ ಕೆಳಗೆ 'ಗ', 'ರ', 'ಸ'. ನನಗೆ ನನ್ನ ಸಾಲಿಯ ಗುರುಗಳು ಹಾಗೇ ಕಲಿಸಿದ್ದರು, ಮೊದಲು ಗೆರೆ, ಆಮೇಲೆ ಅಕ್ಷರ. ಮಗಳು ಎರಡು ಸಲ ಆಕಳಿಸುವಳು, ಒಂದು ಸಲ "ಕೈ ನೋಯತೈತಿ" ಎನ್ನುವಳು. ಆದರೂ ಕಲಿತಳು. ಒಂದು ದಿನ ನಾನು ಕೈ ಬಿಟ್ಟರೂ ತಾನೇ ಗೆರೆ ಎಳೆದು, ಅದರ ಕೆಳಗೆ 'ಗರಗಸ' ಎಂದು ಬರೆದಳು. ಆ ದಿನ ಫೌಂಡ್ರಿಯಲ್ಲಿ ನಾನು ಕಟ್ಟಿದ ಒಂದು ಅಚ್ಚೂ ಕುಸಿಯಲಿಲ್ಲ.

ಸಂಜೆ ಬಂದವನು ಕೈಕಾಲು ತೊಳೆದು, ಅಂಗಿ ಬದಲಿಸಿ, ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿದೆ. "ಬಾರವ್ವಾ, ನಿಮ್ಮ ಮಾಮಾಗ ಬರದ ತೋರಸು" ಎಂದೆ. ಅವಳು ನಾಲಿಗೆಯ ತುದಿ ಹೊರಗೆ ಚಾಚಿ, ಗೆರೆ ಎಳೆದು, 'ಗರಗಸ' ಬರೆದಳು.

ಅವನು ಪಾಟಿಯನ್ನು ಕೈಗೆತ್ತಿಕೊಂಡ. ಒಮ್ಮೆ ಪಾಟಿ ನೋಡಿದ, ಒಮ್ಮೆ ನನ್ನನ್ನು ನೋಡಿದ. ಆಮೇಲೆ ತಡೆಯಲಾರದೆ ನಕ್ಕುಬಿಟ್ಟ.

"ದಾಜಿ, ಇದೇನ್ರಿ ಇದು? ಅಕ್ಷರ ತೊಳದು ಹಗ್ಗದ ಮ್ಯಾಲೆ ಒಣಾಕ ಹಾಕೀರಿ?"

"ಯಾಕ, ಏನಾಗೇತಿ ಅದಕ್ಕ?"

"ಇದು ಮರಾಠಿ ಗೆರಿ. ಕನ್ನಡಕ್ಕ ಎಲ್ಲೈತ್ರಿ ಇಷ್ಟುದ್ದ ಗೆರಿ?" ಎಂದು ಮಗಳ ಕಡೆ ತಿರುಗಿದ. "ಮರೀ, ನೀವು ನಾಕು ಮಂದಿ ಗೆಳತ್ಯಾರು ಸಾಲಿಗಿ ಹೊಂಟ್ರ, ನಾಕೂ ತಲಿಗಿ ಕೂಡಿ ಒಂದ ಟೊಪಗಿ ಹಾಕ್ತಾರೇನು?"

"ಇಲ್ಲಾ!"

"ಮತ್ತ? ಒಬ್ಬೊಬ್ಬರಿಗೆ ಒಂದೊಂದು ಟೊಪಗಿ." ಹೀಗೆನ್ನುತ್ತ ಅಂಗೈಗೆ ನೀರು ಹಚ್ಚಿಕೊಂಡು ಪಾಟಿಯನ್ನು ಒರೆಸಿಯೇಬಿಟ್ಟ.

ಬೋರ್ಡು ನೋಡಿ ಓದಲು ಕಲಿತವನು ನಾನು. ಬರೆದು ಯಾರಿಗೂ ತೋರಿಸಿದವನಲ್ಲ. ಅಷ್ಟು ವರ್ಷ ಹಾಗೇ ಬರೆಯುತ್ತಿದ್ದೆ, ಹಾಗಲ್ಲ ಎಂದು ಹೇಳುವವರು ಯಾರೂ ಇರಲಿಲ್ಲ. ಅವನ ಮಾತು ಖರೇ ಎಂದು ಆ ಕ್ಷಣವೇ ಹೊಳೆಯಿತು. ಊರಿನ ಅಷ್ಟೂ ಬೋರ್ಡುಗಳು ಕಣ್ಣ ಮುಂದೆ ಬಂದು ನಿಂತವು. ಖರೇ ಇದ್ದದ್ದಕ್ಕೇ ಸಿಟ್ಟು ನೆತ್ತಿಗೇರಿತು.

"ನನ್ನ ಮನಿಯೊಳಗ ಕುಂತು ನಾ ಬರಸಿದ್ದನ್ನ ಒರಸಾಕ ನೀ ಯಾವನಲೇ?" ಎಂದೆ. "ಉಣ್ಣೂದು ನಂದು, ನಗೂದು ನನಗ? ನೌಕರಿ ಸಿಗದಾಂವ ಮಂದಿ ಮಕ್ಕಳಿಗೆ ಮಾಸ್ತರಕಿ ಮಾಡಾಕ ಬಂದಾನ!"

ಚೇಷ್ಟೆಗೂ ಒಂದು ಹದ್ದು ಇರುತ್ತದೆ. ಅನ್ನದ ಮಾತು ಎತ್ತಿದರೆ ಅದು ಮುಗಿಯಿತು. ಅವನ ನಗು ನಿಂತಿತು. ಹೆಂಡತಿ, "ಅಯ್ಯ, ಏನಂತ ಮಾತಾಡ್ತೀರಿ?" ಎಂದವಳು ಒಳಗೆ ಹೋದಳು. ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಅವನು ಕೈಚೀಲ ಹೆಗಲಿಗೆ ಹಾಕಿ ಬಾಗಿಲಲ್ಲಿ ನಿಂತಿದ್ದ. "ಅಕ್ಕಾ, ಊರಿಗಿ ಹೋಗಿ ಬರ್ತೇನಿ. ದಾಜಿ, ಬರ್ತೇನ್ರಿ" ಎಂದ. ತಲೆ ಬಗ್ಗಿಸಿ ಗೌರವದಿಂದಲೇ ಹೇಳಿದ. ಒಂದು ಬೈಗುಳ ಬೈದು ಹೋಗಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಗೆದ್ದೆ ಎಂದುಕೊಂಡೆ. ಮಗಳು ಬರೆಯುವುದನ್ನೇ ಬಿಟ್ಟಳು.

ಅಳಲಿಲ್ಲ, ಹಟ ಮಾಡಲಿಲ್ಲ. ಬೆಳಿಗ್ಗೆ ಎಬ್ಬಿಸಿದರೆ ಏಳುತ್ತಿದ್ದಳು, ತೊಡೆಯ ಮೇಲೆ ಕೂಡುತ್ತಿದ್ದಳು. ಬಳಪ ಕೊಟ್ಟರೆ ಹಿಡಿಯುತ್ತಿದ್ದಳು. ಮೇಲಿನಿಂದ ನಾನು ಕೈ ಹಿಡಿದ ಕೂಡಲೇ ಅವಳ ಕೈ ನಾದಿಟ್ಟ ಹಿಟ್ಟಿನ ಹಾಗೆ ಮೆತ್ತಗಾಗುತ್ತಿತ್ತು. ನಾನು ಎಳೆದತ್ತ ಎಳೆಯುತ್ತಿತ್ತು, ಬಿಟ್ಟಲ್ಲಿ ಬೀಳುತ್ತಿತ್ತು. "ನೀನ ಬರಿಯವ್ವಾ" ಎಂದರೆ ಪಾಟಿ ನೋಡುತ್ತ ಕೂಡುವಳು. ಗೆರೆ ಎಳೆಯಬೇಕೋ ಬಾರದೋ ಎಂಬುದೇ ಅವಳಿಗೆ ತಿಳಿಯದಾಗಿತ್ತು. ಒಂದು ದಿನ ಕೇಳಿದಳು: "ಅಪ್ಪಾ, ಟೊಪಗಿ ಒಂದೋ, ಭಾಳೋ?"

ನನಗೆ ಉತ್ತರ ಗೊತ್ತಿತ್ತು. ಪಾಟಿಯನ್ನು ಬದಿಗಿಟ್ಟು ಸೈಕಲ್ ಹತ್ತಿದೆ.

ಜೂನ್ ತಿಂಗಳಲ್ಲಿ ಅವಳನ್ನು ಸಾಲಿಗೆ ಹಾಕುವುದಿತ್ತು. ಓಣಿಯ ಹುಡುಗರು ಆಗಲೇ ತಮ್ಮ ಹೆಸರು ಬರೆಯುತ್ತಿದ್ದರು. ಹೆಂಡತಿ ನೇರವಾಗಿ ಏನೂ ಅನ್ನುತ್ತಿರಲಿಲ್ಲ, ರೊಟ್ಟಿ ಬಡಿಯುವ ಸಪ್ಪಳದಲ್ಲೇ ಎಲ್ಲ ಹೇಳುತ್ತಿದ್ದಳು. ಕೊನೆಗೊಂದು ದಿನ ಹೆಂಚಿನ ಮೇಲಿನಿಂದ ಕಣ್ಣು ಎತ್ತದೆ ಹೇಳಿದಳು: "ಕೂಸಿಗಿ ಅಕ್ಷರ ಬೇಕೋ, ನಿಮಗ ಮಾನ ಬೇಕೋ, ಒಂದು ನಿಕ್ಕಿ ಮಾಡ್ರಿ."

ರಜೆಯ ದಿನ ಖಾನಾಪುರದ ಪ್ಯಾಸೆಂಜರ್ ಹತ್ತಿದೆ.

ಮಾವನ ಮನೆಯ ಅಂಗಳಕ್ಕೆ ಕಾಲಿಟ್ಟರೆ ಅಲ್ಲೊಂದು ಸಾಲಿಯೇ ನಡೆದಿತ್ತು. ಓಣಿಯ ಹತ್ತು ಹನ್ನೆರಡು ಮಕ್ಕಳು ಮಣ್ಣಿನ ಎಳೆ ಹೊಸೆಯುತ್ತ, ಬೀಜ ಜೋಡಿಸುತ್ತ ಕೂತಿದ್ದವು. ನಡುವೆ ಅವನು. ನನ್ನ ಮಗಳಿಗಷ್ಟೇ ಮಾಡುತ್ತಾನೆಂದುಕೊಂಡಿದ್ದೆ. ಊರ ಮಕ್ಕಳಿಗೆಲ್ಲ ಅಷ್ಟೇ ಮುದ್ದಿನಿಂದ ಮಾಡುತ್ತಿದ್ದ. ಯಾಕೋ ಅದೂ ಚುಚ್ಚಿತು.

ಅತ್ತೆ ಹೊರಗೆ ಬಂದರು. "ಬರ್ರಿ ಅಳ್ಯಾರ, ಕುಂದರ್ರಿ. ಒಬ್ಬರ ಬಂದ್ರೆಲ್ಲ, ಕೂಸು ಎಲ್ಲಿ?"

"ಹಂಚು ನೋಡಾಕ ಬಂದಿದ್ದೆ. ಮನಿ ಸೋರಾಕ ಹತ್ತೇತಿ" ಎಂದೆ.

"ಬ್ಯಾಸಗಿಯೊಳಗ ಸೋರಾಕ ಹತ್ತೇತೇನ್ರಿ ದಾಜಿ?" ಎಂದ ಅವನು, ಕೂತಲ್ಲಿಂದಲೇ. ಕಣ್ಣಲ್ಲಿ ಹಳೆಯ ಚೇಷ್ಟೆ ಇತ್ತು. ಅತ್ತೆ ಚಹಕ್ಕೆ ಒಳಗೆ ಹೋದರು.

ಅವನ ಪಕ್ಕ ಒಂದು ಪುಟ್ಟ ಹುಡುಗಿ ಮರಳಿನ ಮೇಲೆ ಬರೆಯುತ್ತಿತ್ತು. ನಾನು ಬಗ್ಗಿ ನೋಡಿದೆ. ಅವನು ಅದರ ಕೈ ಹಿಡಿದಿರಲಿಲ್ಲ. ತನ್ನ ತೋರುಬೆರಳನ್ನು ಮರಳಿನ ಮೇಲೆ ಊರಿದ್ದ. ಹುಡುಗಿಯೇ ತನ್ನ ಮುಷ್ಟಿಯಲ್ಲಿ ಅವನ ಬೆರಳು ಹಿಡಿದುಕೊಂಡು 'ಗ' ಎಳೆಯುತ್ತಿತ್ತು. ತಪ್ಪಿದ ಕಡೆ ಅವನ ಬೆರಳು ಒಂದಿಷ್ಟು ಭಾರವಾಗುತ್ತಿತ್ತು, ಅಷ್ಟೇ. ಹುಡುಗಿ ತಾನೇ ದಾರಿ ತಿದ್ದಿಕೊಳ್ಳುತ್ತಿತ್ತು.

ಇಷ್ಟು ಸಣ್ಣದು! ಇದು ನನಗೇಕೆ ಹೊಳೆಯಲಿಲ್ಲ ಎಂದು ಮೈಯೆಲ್ಲ ಉರಿಯಿತು.

ಅವನು ನಾನು ನೋಡುತ್ತಿದ್ದುದನ್ನು ಗಮನಿಸಿದ್ದ. ತಲೆ ಎತ್ತದೆಯೇ ಹೇಳಿದ: "ನಾವು ಅವರ ಕೈ ಹಿಡಿದ್ರ ಬರಿಯಾವರು ನಾವ ಆಗ್ತೇವ್ರಿ ದಾಜಿ. ಅವರು ನಮ್ಮ ಬಟ್ಟ ಹಿಡೀಬೇಕು."

"ನಾ ಕೇಳಿದ್ನೇನು?"

"ಇಲ್ಲ ಬಿಡ್ರಿ. ನೀವು ಹಂಚು ನೋಡಾಕ ಬಂದೀರಿ."

ಇಬ್ಬರಿಗೂ ನಗು ಬಂತು. ನಾನು ಮೀಸೆಯ ಕೆಳಗೆ ನಕ್ಕೆ. ಬೆಳಗಾವಿಗೆ ಬಾ ಎಂದು ಕರೆಯಬೇಕೆಂದು ಬಾಯಿ ತೆರೆದೆ. ಅವನೇ ಮೊದಲು ಹೇಳಿದ: "ಆರ್ಡರ್ ಬಂತ್ರಿ. ಸೋಮವಾರ ಹಾಜರ ಆಗಬೇಕು. ಅಡವ್ಯಾಗಿನ ಊರು, ಬಸ್ಸೂ ಹೋಗೂದಿಲ್ಲಂತ. ಮರಿಗಿ ನೀವ ಬರಸ್ರಿ. ಆಕಿ ಕೈ ಭಾಳ ಚಲೋ ಐತಿ."

ನನ್ನ ಮಗಳ ಕೈ ಚಲೋ ಇದೆ ಎಂದು ಇವನು ನನಗೆ ಹೇಳಬೇಕು! ಆದರೆ ಅಂದು ನಾನಾಡಿದ ಅನ್ನದ ಮಾತಿನ ಬಗ್ಗೆ ಅವನು ಒಂದು ಸೊಲ್ಲೂ ಎತ್ತಲಿಲ್ಲ. ಹೊರಡುವಾಗ ಒಂದು ಹಳೆ ಅರಿವೆಯಲ್ಲಿ ಹಂಚಿನ ಮಣ್ಣು ಕಟ್ಟಿಕೊಟ್ಟ. ಬೇಡ ಎನ್ನಲಾಗಲಿಲ್ಲ.

ತಿರುಗಿ ಬರುವಾಗ ಗಾಡಿಯಲ್ಲಿ ಕಿಟಕಿಯ ಪಕ್ಕ ಕೂತು, ತೊಡೆಯ ಮೇಲೆ ತೋರುಬೆರಳಿನಿಂದ 'ಗ' ಬರೆದೆ. ಮೇಲಿನ ಗೆರೆ ಎಳೆಯದೆ. 'ರ' ಬರೆದೆ, ಅದಕ್ಕೊಂದು ತಲೆಕಟ್ಟು. ಬೆರಳು ತಾನಾಗಿಯೇ ಉದ್ದಕ್ಕೆ ಹೋಗುತ್ತಿತ್ತು, ಎಳೆದು ನಿಲ್ಲಿಸುತ್ತಿದ್ದೆ. ದೇಸೂರಿನಲ್ಲಿ ಹತ್ತಿ ಎದುರಿಗೆ ಕೂತಿದ್ದ ಒಬ್ಬ ಮುಸಲ್ಮಾನ ಅಜ್ಜ ಬಹಳ ಹೊತ್ತು ನೋಡಿ ಕೇಳಿದರು: "ಏನ್ ಸಾಹೇಬ್ರ, ಭಾಳ ದೊಡ್ಡ ಹಿಸಾಬ್ ಐತೇನು?"

"ಹೌದ್ರಿ ಚಾಚಾ" ಎಂದೆ. "ಬಗೀಹರಿವಲ್ಲದು."

ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಒಂದು ಅಗಲದ ತಟ್ಟೆಯಲ್ಲಿ ಮರಳು ಹರವಿದೆ. ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಳ್ಳಲಿಲ್ಲ, ಎದುರಿಗೆ ಕೂಡಿಸಿದೆ. ನನ್ನ ತೋರುಬೆರಳು ಊರಿ, "ಹಿಡಿ" ಎಂದೆ.

ಅವಳು ಬೆರಳನ್ನು ನೋಡಿದಳು. ಕರಗಿದ ಬೀಡು ಕಬ್ಬಿಣ ಸಿಡಿದು ಆಗಿದ್ದ ಸುಟ್ಟ ಕಲೆಯನ್ನು ಮುಟ್ಟಿದಳು. "ಭಾಳ ದಪ್ಪ ಐತಿ. ಮಾಮಾಂದು ಸಣ್ಣದಿತ್ತು" ಎಂದಳು.

"ಇರೂದ ಇಷ್ಟು. ಹಿಡಿಯವ್ವಾ."

ಒಂದು ಕೈಗೆ ಒಗ್ಗಲಿಲ್ಲ. ಎರಡೂ ಕೈಯಿಂದ ಹಿಡಿದು, ಬಾವಿಯಿಂದ ಹಗ್ಗ ಜಗ್ಗುವವಳ ಹಾಗೆ ಜಗ್ಗಿದಳು. ನಾನು ಬೆರಳಿಗೆ ಬಲ ಹಾಕಲಿಲ್ಲ. ಹಾಕಬಾರದು ಎಂದು ಹಲ್ಲು ಕಚ್ಚಿ ಕೂತೆ. ಮರಳಿನಲ್ಲಿ ಒಂದು ಸೊಟ್ಟ 'ಗ' ಮೂಡಿತು. ಅದರ ತಲೆಯ ಮೇಲೆ ಅವಳೇ ಪುಟ್ಟದೊಂದು ಗೆರೆ ಎಳೆದು, "ಟೊಪಗಿ" ಎಂದಳು. ನನ್ನ ಮುಖ ನೋಡಿದಳು.

"ಹೌದು" ಎಂದೆ. "ಒಬ್ಬೊಬ್ಬರಿಗೆ ಒಂದೊಂದು."

ಅಲ್ಲಿಂದ ಅವಳು ನಿಲ್ಲಲಿಲ್ಲ. ಆದರೆ ಪ್ರತಿ ಅಕ್ಷರದ ಜೊತೆ ಅವನೂ ಬಂದು ಕೂಡುತ್ತಿದ್ದ. "ಮಾಮಾ ಹೇಳಿದ್ದಾ, 'ರ' ಅಂದ್ರ ಬುಟ್ಟಿ." "ಮಾಮಾ ಹೇಳಿದ್ದಾ, 'ಗ' ಅಂದ್ರ ಕಮಾನು ಬಾಗಲಾ." ಬೆರಳು ನನ್ನದು, ಮರಳು ನನ್ನದು, ಹೊತ್ತು ನನ್ನದು, ಮಾತು ಅವನದು. ನಾನು ಹ್ಞೂಂ ಹ್ಞೂಂ ಎನ್ನುತ್ತಿದ್ದೆ. ಬುಟ್ಟಿ ಅಲ್ಲ, ಬೋಗುಣಿ ಎಂದು ಒಮ್ಮೆ ಹೇಳಿ ನೋಡಿದೆ. "ಅಲ್ಲಾ, ಬುಟ್ಟಿ" ಎಂದಳು.

ಜೂನ್ ಬಂತು. ಸಾಲಿಯಲ್ಲಿ ಹೆಸರು ಹಚ್ಚುವಾಗ ಕಲಿಸುವ ಅಕ್ಕೋರು ಒಂದು ಪಾಟಿ ಕೊಟ್ಟು, ಏನಾದರೂ ಬರೆ ಎಂದರು. ಮಗಳು ಬಳಪವನ್ನು ಮೂರು ಬೆರಳಲ್ಲಿ ಹಗುರವಾಗಿ ಹಿಡಿದು 'ಗರಗಸ' ಬರೆದಳು. ನಾಲ್ಕು ಅಕ್ಷರ, ನಾಲ್ಕು ಟೊಪ್ಪಿಗೆ. ಮುತ್ತಿನ ಹಾಗೆ.

"ಯವ್ವಾ, ಎಷ್ಟು ದುಂಡಗ ಬರದಿ! ಯಾರವ್ವಾ ಕಲಿಸಿದವರು?"

ನಾನು ಅಂಗಿಯ ಕೊರಳು ಸರಿಮಾಡಿಕೊಂಡೆ.

"ಮಾಮಾ" ಎಂದಳು.

ಅಕ್ಕೋರು ನನ್ನ ಕಡೆ ನೋಡಿ, "ಮಾಮಾ ಮಾಸ್ತರೇನ್ರಿ?" ಎಂದರು. "ಹೌದ್ರಿ" ಎಂದೆ. ಬೇರೇನು ಹೇಳಲಿ?

ಹೊರಗೆ ಬಂದು ಸೈಕಲ್ಲಿನ ಮುಂದಿನ ದಂಡದ ಮೇಲೆ ಅವಳನ್ನು ಕೂಡಿಸಿಕೊಂಡು, ಕೇಳಬಾರದು ಎಂದುಕೊಂಡೇ ಕೇಳಿದೆ: "ಮತ್ತ ನಾನು?"

ಅವಳು ಸ್ವಲ್ಪ ಯೋಚಿಸಿದಳು. "ನೀ ಬಟ್ಟ ಕೊಟ್ಟಿ" ಎಂದಳು. ಆಮೇಲೆ ಗಂಟೆ ಬಾರಿಸಲು ಹತ್ತಿದಳು.

ಅವನು ಹೆಡ್‌ಮಾಸ್ತರನಾಗಿ ನಿವೃತ್ತನಾದ. ಮಗಳ ಮದುವೆಯಲ್ಲಿ ಸೋದರಮಾವನ ಮರ್ಯಾದೆಯೆಲ್ಲ ಅವನಿಗೇ ಸಂದಿತು. ಖಾನಾಪುರದ ಪೇಟೆಯಲ್ಲಿ ಅವನ ಜೊತೆ ನಡೆದರೆ ಹತ್ತು ಹೆಜ್ಜೆಗೊಬ್ಬರು ಬಗ್ಗಿ ಕಾಲು ಮುಟ್ಟುತ್ತಾರೆ, ನಾನು ಅವನ ಚೀಲ ಹಿಡಿದುಕೊಂಡು ಪಕ್ಕಕ್ಕೆ ನಿಲ್ಲುತ್ತೇನೆ. ಮಗಳು ಇಂದಿಗೂ ಹಾಗೇ ದುಂಡಗೆ ಬರೆಯುತ್ತಾಳೆ. ನೋಡಿದವರೆಲ್ಲ "ಮಾಮಾನ ಅಕ್ಷರ, ಥೇಟ್" ಎನ್ನುತ್ತಾರೆ. ಎನ್ನಲಿ. ಅದು ಖರೇ. ನನಗೆ ಮಾತ್ರ ಪ್ರತಿ ಸಲವೂ ಹೊಟ್ಟೆಯಲ್ಲೊಂದು ಕೆಂಡ ಹೊರಳುತ್ತದೆ. ಇಷ್ಟು ವಯಸ್ಸಾದರೂ ಅದು ಆರಿಲ್ಲ.

ಈಗ ನನಗಿರುವುದು ಇಷ್ಟು. ಬೆಳಗಾವಿಯ ರಾಮತೀರ್ಥ ನಗರದಲ್ಲಿ ದುಡಿದು ಕಟ್ಟಿಸಿದ ಮನೆ ಒಂದು. ಸ್ಕೂಟರ್ ಒಂದು. ಹೆಂಡತಿ, ಮಗಳು ಒಬ್ಬಳು, ಆಮೇಲೆ ಹುಟ್ಟಿದ ಮಗ ಒಬ್ಬ. ಮೊಮ್ಮಕ್ಕಳು ಮೂವರು. ಅವರಲ್ಲಿ ಒಬ್ಬಳಿಗೆ ಬರೆಯಲು ಬರುತ್ತದೆ, ಇಬ್ಬರಿಗೆ ಇನ್ನೂ ಬರುವುದಿಲ್ಲ.